"ಅದು ಹೇಗೆ ಗೊತ್ತು, ಟೀಚರೇ?": ಸಣ್ಣ ಮಕ್ಕಳಿಗೆ ಚರಿತ್ರೆ ಕಲಿಸುವ ಬಗೆ

ಕೆಲವು ವರ್ಷಗಳ ಹಿಂದೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಟೀಚರೇ, ಟಿಪ್ಪು ಸುಲ್ತಾನ್ ಬೇಕಲ ಕೋಟೆಗೆ ಬಂದಾಗ ನೀವು ಎಷ್ಟನೇ ಕ್ಲಾಸು?"

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಹಿಂದಿನ ವಾರವಷ್ಟೇ ನಾನು ಬೋರ್ಡಿನಲ್ಲಿ 1799 ಎಂದು ದೊಡ್ಡದಾಗಿ ಬರೆದಿದ್ದೆ. ಆ ವರ್ಷ ಟಿಪ್ಪು ತೀರಿಕೊಂಡದ್ದು, ನಮ್ಮ ಕರಾವಳಿ ಇಂಗ್ಲಿಷರ ಕೈಗೆ ಹೋದದ್ದು ಎಲ್ಲ ಹೇಳಿಕೊಟ್ಟಿದ್ದೆ. ಮಕ್ಕಳು ಬಾಯಿಪಾಠ ಒಪ್ಪಿಸಿಯೂ ಆಗಿತ್ತು. ಆದರೆ ಆ ನಾಲ್ಕು ಅಂಕೆಗಳನ್ನು ಇಟ್ಟುಕೊಳ್ಳಲು ಅವರ ತಲೆಯಲ್ಲಿ ಜಾಗವೇ ಇರಲಿಲ್ಲ. ಎಂಟು ವರ್ಷದ ಮಗುವಿಗೆ "ಮೊದಲು" ಅಂದರೆ ಒಂದೇ ದೊಡ್ಡ ಪೆಟ್ಟಿಗೆ. ಅಮ್ಮನ ಮದುವೆ, ಅಜ್ಜಿಯ ಶಾಲೆ, ಗಾಂಧೀಜಿ, ಟಿಪ್ಪು, ಡೈನೋಸಾರ್ ಎಲ್ಲ ಅದರೊಳಗೇ ಇರುತ್ತದೆ.

ಆ ಪೆಟ್ಟಿಗೆಯಲ್ಲಿರುವುದನ್ನು ಹೊರಗೆ ತೆಗೆದು ಸಾಲಾಗಿ ಇಡುವುದನ್ನು ಕಲಿಸಬೇಕು. ಯಾರಾದರೂ "ಹಿಂದೆ ಹೀಗಿತ್ತು" ಅಂದರೆ "ಅದು ಹೇಗೆ ಗೊತ್ತು?" ಎಂದು ಕೇಳುವುದನ್ನು ಕಲಿಸಬೇಕು. ಪ್ರೈಮರಿ ಮುಗಿಯುವಾಗ ಇವೆರಡು ಬಂದಿದ್ದರೆ ನನಗೆ ಸಮಾಧಾನ. ರಾಜರ ಪಟ್ಟಿ, ಯುದ್ಧದ ಇಸವಿ ಮುಂದೆ ಕಲಿಯಲು ಸಮಯ ಉಂಟು.

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಮತ್ತು ಬದಿಯಡ್ಕದ ನಡುವಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. 22 ವರ್ಷ ಆಯಿತು. ನನ್ನ ಕ್ಲಾಸಿನ ಮಕ್ಕಳು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುತ್ತಾರೆ. ಶಾಲೆಗೆ ಬಂದು ಕನ್ನಡದಲ್ಲಿ ಕಲಿಯುತ್ತಾರೆ. ನಮ್ಮ ಪಠ್ಯದಲ್ಲಿ ನಾಲ್ಕನೇ ಕ್ಲಾಸಿನವರೆಗೆ ಚರಿತ್ರೆ ಎಂಬ ಬೇರೆ ವಿಷಯ ಇಲ್ಲ. ಪರಿಸರ ಅಧ್ಯಯನದೊಳಗೆ ಅಲ್ಲಲ್ಲಿ ಬಂದು ಹೋಗುತ್ತದೆ. ಐದರಿಂದ ಸಮಾಜ ವಿಜ್ಞಾನ ಶುರು. ಹಾಗಾಗಿ ಚರಿತ್ರೆ ಐದನೇ ಕ್ಲಾಸಿಗೆ ಸಾಕು ಎಂದು ಎಷ್ಟೋ ಟೀಚರುಗಳು, ಹೆತ್ತವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಮಗು ಚರಿತ್ರೆಯನ್ನು ಪರೀಕ್ಷೆಗೆ ಉರು ಹೊಡೆಯುವ ಸಂಗತಿ ಎಂದೇ ತಿಳಿದುಕೊಳ್ಳುತ್ತದೆ. ಎರಡನೇ ಕ್ಲಾಸಿನಿಂದಲೇ ಶುರು ಮಾಡಬಹುದು. ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೈಗೆ ಕೊಡಿ

ಮೊದಲ ದಿನ ಪುಸ್ತಕ ತೆರೆಯಬೇಡಿ. ಮಕ್ಕಳಿಂದ ಒಂದೊಂದು ಹಳೆ ವಸ್ತು ತರಿಸಿ. ನಮ್ಮ ಊರಿನ ಮನೆಗಳ ಅಟ್ಟದಲ್ಲಿ ಏನಾದರೂ ಇದ್ದೇ ಇರುತ್ತದೆ. ಸೇರು, ಪಾವು, ಚಿಮಿಣಿ ದೀಪ, ಚೆನ್ನೆಮಣೆ, ಅಡಿಕೆ ಕತ್ತರಿ, ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ, ಹಳೆ ರೇಡಿಯೋ. ಚಿನ್ನ, ಬೆಳ್ಳಿ, ದೇವರ ಕೋಣೆಯ ವಸ್ತು ತರಬಾರದು ಎಂದು ಮೊದಲೇ ಹೇಳಿಬಿಡಿ. ತಂದದ್ದಕ್ಕೆ ಒಂದು ಚೀಟಿ ಕಟ್ಟಿ, ಹೆಸರು ಬರೆದು, ಅದೇ ದಿನ ವಾಪಸು ಕಳಿಸಿ. ಮೊದಲ ವರ್ಷ ನಾನು ಚೀಟಿ ಕಟ್ಟಲಿಲ್ಲ. ಒಂದು ಹಿತ್ತಾಳೆ ಪಾವು ಎರಡು ದಿನ ಕಾಣೆಯಾಗಿ, ಆ ಮಗು ಅತ್ತದ್ದನ್ನು ನಾನು ಮರೆತಿಲ್ಲ.

ಐದೈದು ಮಕ್ಕಳ ಗುಂಪು ಮಾಡಿ. ಒಂದು ಗುಂಪಿಗೆ ಒಂದು ವಸ್ತು ಸಾಕು. ಐದು ನಿಮಿಷ ನೀವು ಮಾತಾಡಬೇಡಿ. ಇದು ಕಷ್ಟ. ನಮಗೆ ವಿವರಿಸುವ ಅಭ್ಯಾಸ ಜಾಸ್ತಿ, ಅಲ್ವಾ? ಆದರೂ ಬಾಯಿ ಮುಚ್ಚಿಕೊಂಡು ಸುಮ್ನೆ ನೋಡಿ. ಮಕ್ಕಳು ಮುಟ್ಟಲಿ, ಮೂಸಲಿ, ಬಡಿದು ಶಬ್ದ ಕೇಳಲಿ. ಆಮೇಲೆ ಮೂರೇ ಪ್ರಶ್ನೆ ಕೇಳಿ. ಇದನ್ನು ಯಾವುದರಿಂದ ಮಾಡಿದ್ದಾರೆ? ಯಾರು ಬಳಸಿರಬಹುದು? ಇದರಲ್ಲಿ ಏನು ನೋಡಿ ಹಾಗೆ ಹೇಳಿದೆ? ಮೂರನೆಯದನ್ನು ಯಾವತ್ತೂ ಬಿಡಬಾರದು.

ಒಂದು ಸಲ ಒಬ್ಬಳು ಅಜ್ಜಿಯ ಎಲೆಸಂಚಿಯಿಂದ ತೂತಿನ ಕಾಸು ತಂದಿದ್ದಳು. ಅಜ್ಜಿ ಅದಕ್ಕೆ "ಒಟ್ಟೆ ಮುಕ್ಕಾಲು" ಅನ್ನುತ್ತಾರಂತೆ. ಒಬ್ಬ ಹುಡುಗ ಅದನ್ನು ಕಿರುಬೆರಳಿಗೆ ಹಾಕಿ ಉಂಗುರ ಅಂದ. ವರ್ಕ್‌ಶಾಪಿನವರ ಮಗ, "ಇದು ವಾಷರ್, ಟೀಚರೇ. ಬೋಲ್ಟಿಗೆ ಹಾಕುವುದು" ಅಂದ. ಎಲ್ಲರೂ ಅವನ ಮಾತು ಒಪ್ಪಿದರು. ಆಗ ಒಬ್ಬಳು ಕಾಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುಮಾರು ಹೊತ್ತು ತಿರುಗಿಸಿ ನೋಡಿ, "ಕಿರೀಟ ಉಂಟು" ಅಂದಳು. ಮತ್ತೆ ನೋಡಿದರೆ ಇಂಗ್ಲಿಷಿನಲ್ಲಿ ಇಂಡಿಯಾ ಎಂದಿತ್ತು. ಇನ್ನೂ ನೋಡಿದರೆ 1944.

"ಕಿರೀಟ ಇದ್ದರೆ ರಾಜ ಇರಬೇಕು."

"ನಮಗೆ ರಾಜ ಇದ್ದನಾ?"

"ವಾಷರಿನಲ್ಲಿ ಕಿರೀಟ ಇರುವುದಿಲ್ಲ." ಇದನ್ನು ಹೇಳಿದವನು ವರ್ಕ್‌ಶಾಪಿನವರ ಮಗನೇ.

ಆಗ ನಾನು ಮಾತಾಡಿದೆ. ಆ ಕಾಲದಲ್ಲಿ ನಮ್ಮನ್ನು ಆಳುತ್ತಿದ್ದದ್ದು ಇಂಗ್ಲೆಂಡಿನ ರಾಜ. ಆಗ ದೊಡ್ಡ ಯುದ್ಧ ನಡೆಯುತ್ತಿತ್ತು. ಲೋಹ ಸಾಲುತ್ತಿರಲಿಲ್ಲ. ಹಾಗಾಗಿ 1943ರಿಂದ ಪೈಸೆಗೆ ನಡುವೆ ತೂತು ಬಂತು. ಹೇಳಿ ಮುಗಿಸುವ ಮೊದಲೇ ಹಿಂದಿನ ಬೆಂಚಿನಿಂದ ಕೇಳಿತು: "ಲೋಹ ಉಳಿಸಲಿಕ್ಕೆ ಅಂತ ಹೇಗೆ ಗೊತ್ತು, ಟೀಚರೇ?"

ಅಂಥ ಪ್ರಶ್ನೆ ಬಂದರೆ "ಪುಸ್ತಕದಲ್ಲಿದೆ" ಎಂದು ಮುಗಿಸಬೇಡಿ. ನಾನು ಎರಡು ದಿನ ಕೇಳಿ ಹುಡುಕಿ 1936ರ ಒಂದು ಕಾಲಾಣೆ ತಂದೆ. ಅದಕ್ಕೆ ತೂತಿಲ್ಲ. ಕಾಲಾಣೆ ಅಂದರೂ ಒಂದು ಪೈಸೆ ಅಂದರೂ ಬೆಲೆ ಒಂದೇ. ಆ ಹುಡುಗನ ಒಂದು ಕೈಯಲ್ಲಿ ಕಾಲಾಣೆ, ಇನ್ನೊಂದರಲ್ಲಿ ತೂತಿನ ಕಾಸು ಇಟ್ಟು ಕಣ್ಣು ಮುಚ್ಚಲು ಹೇಳಿದೆ. ಕಾಲಾಣೆಯ ಕೈ ತಾನಾಗಿ ಸ್ವಲ್ಪ ಕೆಳಗೆ ಬಂತು. "ಅರ್ಧಕ್ಕರ್ಧ ಕಮ್ಮಿ ಉಂಟು!" ಅಂದ. ಕ್ಲಾಸಿನಲ್ಲಿದ್ದ ಅಷ್ಟೂ ಮಕ್ಕಳು ಸರದಿಯಲ್ಲಿ ನಿಂತು ಕಣ್ಣು ಮುಚ್ಚಿ ತೂಗಿ ನೋಡಿದರು. ಆ ಪಿರಿಯಡ್ ಅಲ್ಲಿಗೇ ಮುಗಿಯಿತು. ನನಗೆ ಬೇಸರ ಆಗಲಿಲ್ಲ.

ಮರುದಿನದ ಲೆಕ್ಕದ ಕ್ಲಾಸಿಗೂ ಅದೇ ಕಾಸು ಬಂತು. ನಾಲ್ಕು ಪೈಸೆಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಹಾಗಾದರೆ ರೂಪಾಯಿಗೆ ಎಷ್ಟು ಪೈಸೆ? 64. ಆದರೆ ಪುಸ್ತಕದಲ್ಲಿ 100 ಎಂದಿದೆ. ಅಜ್ಜಿ ಸರಿಯಾ, ಪುಸ್ತಕ ಸರಿಯಾ? 1957ರ ಏಪ್ರಿಲ್ 1ರಂದು ಲೆಕ್ಕವೇ ಬದಲಾಯಿತು ಎಂದು ಗೊತ್ತಾದಾಗ ಇಬ್ಬರೂ ಸರಿ ಎಂದು ಮಕ್ಕಳೇ ಹೇಳಿದರು.

ಹಗ್ಗದ ಪಾಠ

ಕಾಲದ ಉದ್ದ ತೋರಿಸಲು ಬೋರ್ಡಿನ ಮೇಲಿನ ಗೆರೆ ಸಾಲದು. ಹಗ್ಗ ಬೇಕು. ನಾನು ತೆಂಗಿನ ನಾರಿನ ಹಗ್ಗ ಉಪಯೋಗಿಸುತ್ತೇನೆ. ಬಾವಿಗೆ ಹಾಕುವಷ್ಟು ದಪ್ಪದ್ದು ಬೇಡ, ತೆಳುವಾದದ್ದು ಸಾಕು. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ನೂರು ವರ್ಷಕ್ಕೆ ಒಂದು ಮೀಟರ್, ಅಲ್ಲಿ ಒಂದು ಕೆಂಪು ಬಟ್ಟೆಯ ತುಂಡು ಕಟ್ಟಿ. ಬಟ್ಟೆ ಒಣಗಿಸುವ ಕ್ಲಿಪ್ಪು ಒಂದು ಡಜನ್, ರಟ್ಟಿನ ಚೀಟಿ ಒಂದಷ್ಟು. ಖರ್ಚು ಇಷ್ಟೇ.

ಹಗ್ಗದ ಒಂದು ತುದಿ "ಇವತ್ತು". ಅಲ್ಲಿಂದ ಹಿಂದಕ್ಕೆ ಹೋಗಬೇಕು. ಎಷ್ಟೋ ಜನ ಹಳೆಯದರಿಂದ ಶುರು ಮಾಡುತ್ತಾರೆ. ಸಣ್ಣ ಮಕ್ಕಳಿಗೆ ಅದು ಆಗದು, ಅವರು ನಿಂತಿರುವ ಜಾಗದಿಂದಲೇ ಹೊರಡಬೇಕು.

ಮೊದಲು ಮಗುವಿನ ವಯಸ್ಸು. ಒಂಬತ್ತು ವರ್ಷ ಅಂದರೆ ಒಂಬತ್ತು ಸೆಂಟಿಮೀಟರ್. ಅವನ ಗೇಣಿನಷ್ಟೂ ಇಲ್ಲ. ಮಕ್ಕಳಿಗೆ ಇಲ್ಲಿಯೇ ಮೊದಲ ಆಶ್ಚರ್ಯ. "ಇಷ್ಟೇಯಾ ನಾನು?" ಆಮೇಲೆ ಅಮ್ಮ. ಆಮೇಲೆ ಅಜ್ಜಿ. ಅಜ್ಜಿಯ ಕ್ಲಿಪ್ಪು ಹಾಕಿದ ಹತ್ತಿರವೇ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಬರುತ್ತದೆ, ಅಂದರೆ 70 ಸೆಂಟಿಮೀಟರಿನ ಆಸುಪಾಸಿನಲ್ಲಿ. ಅಲ್ಲಿಂದ ಒಂಬತ್ತು ಸೆಂಟಿಮೀಟರ್ ಆಚೆ 1947. ನಮ್ಮೂರಿನ ಮೂಲಕ ಮಂಗಳೂರಿಗೆ ರೈಲು ಮುಟ್ಟಿದ್ದು 1907ರಲ್ಲಿ, ಅದು ಮೊದಲ ಕೆಂಪು ಬಟ್ಟೆ ದಾಟಿ ಸ್ವಲ್ಪ ಮುಂದೆ. ಎರಡನೇ ಬಟ್ಟೆ ದಾಟಿದ ಮೇಲೆ 1799. ಬೇಕಲ ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪನಾಯಕ 1650ರ ಹೊತ್ತಿನವನು. ಅವನ ಕ್ಲಿಪ್ಪು ಹಾಕಲು ಮೂರೂಮುಕ್ಕಾಲು ಮೀಟರ್ ಬೇಕು. ಅಷ್ಟೊತ್ತಿಗೆ ನಮ್ಮ ಕ್ಲಾಸಿನ ಗೋಡೆ ಹತ್ತಿರ ಬಂದಿರುತ್ತದೆ.

"ಅಶೋಕ ಎಲ್ಲಿ, ಟೀಚರೇ?"

ಬಾಗಿಲಿನಿಂದ ಹೊರಗೆ. ಇಪ್ಪತ್ತೆರಡೂವರೆ ಮೀಟರಿಗಿಂತ ದೂರ. ಹಗ್ಗ ಹಿಡಿದುಕೊಂಡು ಎಲ್ಲರೂ ಜಗಲಿಗೆ ಹೋಗುತ್ತೇವೆ. ಜಗಲಿ ಮುಗಿದು, ಮೆಟ್ಟಿಲು ಇಳಿದು, ಮಧ್ಯಾಹ್ನದ ಊಟದ ಪಾತ್ರೆ ತೊಳೆಯುವ ನಳ್ಳಿಯ ಹತ್ತಿರ ಅಶೋಕ ಸಿಗುತ್ತಾನೆ. ಹರಪ್ಪದ ನಗರಗಳಿಗೆ ಅದರ ಇಮ್ಮಡಿ, 45 ಮೀಟರ್. ಮೈದಾನದ ಆಚೆ ಬದಿಯ ಗೇರು ಮರದ ಬುಡ. ಅಲ್ಲಿ ನಿಂತವನಿಗೆ ಇಲ್ಲಿ ನಿಂತವರು ಸಣ್ಣದಾಗಿ ಕಾಣುತ್ತಾರೆ. ಡೈನೋಸಾರ್ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ಆರೂವರೆ ಕೋಟಿ ವರ್ಷ, ಅಂದರೆ 650 ಕಿಲೋಮೀಟರ್ ಹಗ್ಗ. ಇಲ್ಲಿಂದ ತಿರುವನಂತಪುರವನ್ನೂ ದಾಟಿ ಹೋಗಬೇಕು. ಇದನ್ನು ಹೇಳಿದ ಮೇಲೆ ನನ್ನ ಯಾವ ಮಗುವೂ ಗಾಂಧೀಜಿ ಮತ್ತು ಡೈನೋಸಾರನ್ನು ಒಂದೇ ಪೆಟ್ಟಿಗೆಗೆ ಹಾಕಿಲ್ಲ.

ಹಗ್ಗವನ್ನು ಒಂದು ದಿನದ ಆಟ ಮಾಡಬೇಡಿ. ಐದು ಮೀಟರನ್ನು ಕ್ಲಾಸಿನ ಗೋಡೆಯಲ್ಲಿ ವರ್ಷವಿಡೀ ಕಟ್ಟಿಡಿ. ಕನ್ನಡ ಪಾಠದಲ್ಲಿ ಗೋವಿಂದ ಪೈಗಳ ಹೆಸರು ಬಂದರೆ ಒಬ್ಬರು ಎದ್ದು ಹೋಗಿ ಕ್ಲಿಪ್ಪು ಹಾಕಲಿ. ಮಂಜೇಶ್ವರದಲ್ಲಿ ಹುಟ್ಟಿದ್ದು 1883, ತೀರಿಕೊಂಡದ್ದು 1963. ಎರಡು ಕ್ಲಿಪ್ಪಿನ ನಡುವಿನ ಹಗ್ಗ ಒಂದು ಬದುಕು. ಇದನ್ನು ಮಕ್ಕಳು ಬೇಗ ಹಿಡಿಯುತ್ತಾರೆ.

ಅಜ್ಜಿಯ ಹತ್ತಿರ ಏನು ಕೇಳಬೇಕು

"ಅಜ್ಜಿಯನ್ನು ಕೇಳಿ ಬನ್ನಿ" ಎಂದು ಕಳಿಸುವುದು ಸುಲಭ. "ನಿಮ್ಮ ಕಾಲದಲ್ಲಿ ಜೀವನ ಹೇಗಿತ್ತು?" ಎಂದು ಮಗು ಕೇಳುತ್ತದೆ. "ಎಂತ ಹೇಳುವುದು ಮಗಾ, ಕಷ್ಟ" ಎಂದು ಅಜ್ಜಿ ಹೇಳುತ್ತಾರೆ. ಪುಸ್ತಕದಲ್ಲಿ ಒಂದೇ ಸಾಲು: ಅಜ್ಜಿಯ ಕಾಲದಲ್ಲಿ ಕಷ್ಟ ಇತ್ತು.

ಪ್ರಶ್ನೆ ಸಣ್ಣದಾಗಬೇಕು, ಕಣ್ಣಿಗೆ ಕಾಣುವಂತಿರಬೇಕು. ಶಾಲೆಗೆ ಬುತ್ತಿ ಯಾವುದರಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಿರಿ? ಮನೆಗೆ ಹಂಚು ಇತ್ತಾ, ಮುಳಿಹುಲ್ಲು ಇತ್ತಾ? ಮಳೆಗಾಲದಲ್ಲಿ ಹೊಳೆ ದಾಟುವುದು ಹೇಗೆ? ಕರೆಂಟು ಬಂದ ದಿನ ನೆನಪಿದೆಯಾ? ಅಕ್ಕಿಯನ್ನು ಮುಡಿ ಕಟ್ಟುವುದನ್ನು ನೋಡಿದ್ದೀರಾ? ಮುಡಿಯ ಪ್ರಶ್ನೆ ಕೇಳಿದರೆ ಅಜ್ಜಂದಿರು ಎದ್ದು ನಿಂತು, ಬೈಹುಲ್ಲನ್ನು ಹೇಗೆ ಹರಡುವುದು, ಕಾಲಿನಿಂದ ಹೇಗೆ ಒತ್ತುವುದು ಎಂದು ಮಾಡಿಯೇ ತೋರಿಸುತ್ತಾರೆ. ಒಂದು ಮುಡಿಗೆ 42 ಸೇರು ಎಂಬ ಲೆಕ್ಕವೂ ಬರುತ್ತದೆ.

ಅಜ್ಜಿ ಯಾವ ಭಾಷೆಯಲ್ಲಿ ಹೇಳಿದರೋ ಅದೇ ಭಾಷೆಯ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು ತರಲಿ. ಇದನ್ನು ನಾನು ಪಟ್ಟುಹಿಡಿದು ಮಾಡಿಸುತ್ತೇನೆ. ತುಳುವಿನಲ್ಲಿ ಹೇಳಿದ್ದನ್ನು ಮಗು ತಕ್ಷಣ ಕನ್ನಡಕ್ಕೆ ತಿರುಗಿಸಿದರೆ ಅರ್ಧ ಸಂಗತಿ ದಾರಿಯಲ್ಲೇ ಉದುರಿಹೋಗುತ್ತದೆ. ಅಜ್ಜಿಯ ಮಾತು ಮೊದಲು, ಅದರ ಕೆಳಗೆ ಕನ್ನಡ.

ಒಂದು ಕಡೆ ಮಾತ್ರ ತುಂಬ ಜಾಗ್ರತೆ ಬೇಕು. ಒಂದು ವರ್ಷ ನಾಲ್ಕನೇ ಕ್ಲಾಸಿನಲ್ಲಿ ಇಬ್ಬರು ಮಕ್ಕಳು ಒಂದೇ ಗದ್ದೆಯ ಕಥೆ ತಂದರು. ಒಬ್ಬ ಓದಿದ: "ನಮ್ಮ ಅಜ್ಜ ಹಿಂದೆ ಗೇಣಿ ಅಕ್ಕಿ ಹೊತ್ತುಕೊಂಡು ಹೋಗಿ ಧಣಿಗಳ ಮನೆಗೆ ಕೊಡುತ್ತಿದ್ದರು. ಆಮೇಲೆ ಗದ್ದೆ ನಮ್ಮದಾಯಿತು." ಇನ್ನೊಬ್ಬಳು ಓದಿದಳು: "ನಮ್ಮ ಅಜ್ಜನಿಗೆ ತುಂಬ ಗದ್ದೆ ಇತ್ತು. ಸರಕಾರ ತೆಗೆದುಕೊಂಡಿತು. ಅಜ್ಜಿ ಈಗಲೂ ಬೇಸರ ಮಾಡುತ್ತಾರೆ." ಓದುತ್ತಾ ಓದುತ್ತಾ ಇಬ್ಬರಿಗೂ ಅದು ಒಂದೇ ಗದ್ದೆ ಎಂದು ಗೊತ್ತಾಯಿತು. ಕ್ಲಾಸು ಪೂರ್ತಿ ಮೌನ. ಹುಡುಗಿಯ ಕಣ್ಣು ತುಂಬಿತ್ತು.

ನನ್ನ ಕೈಕಾಲು ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎರಡೂ ಕಥೆಯನ್ನು ಬೋರ್ಡಿನಲ್ಲಿ ಅಕ್ಕಪಕ್ಕ ಬರೆದೆ. ಯಾವುದನ್ನೂ ಅಳಿಸಲಿಲ್ಲ, ಯಾವುದನ್ನೂ ತಿದ್ದಲಿಲ್ಲ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಮುಗಿಯಿತು, ಗದ್ದೆಯಲ್ಲಿ ದುಡಿಯುತ್ತಿದ್ದ ಗೇಣಿದಾರರಿಗೆ ಅದರ ಹಕ್ಕು ಸಿಕ್ಕಿತು ಎಂದು ಹೇಳಿದೆ. ಹಗ್ಗದಲ್ಲಿ ಆ ಜಾಗಕ್ಕೆ ಇಬ್ಬರೂ ಸೇರಿ ಒಂದೇ ಕ್ಲಿಪ್ಪು ಹಾಕಿದರು. ಆಮೇಲೆ ಕೇಳಿದೆ: "ಇವನ ಅಜ್ಜ ಸುಳ್ಳು ಹೇಳಿದರಾ?" ಇಲ್ಲ. "ಇವಳ ಅಜ್ಜಿ ಸುಳ್ಳು ಹೇಳಿದರಾ?" ಇಲ್ಲ. "ಮತ್ತೆ ಯಾಕೆ ಎರಡು ಥರ ಉಂಟು?" ಒಬ್ಬಳು ನಿಧಾನವಾಗಿ ಹೇಳಿದಳು: "ಅವರು ನಿಂತ ಜಾಗ ಬೇರೆ, ಟೀಚರೇ."

ಆ ದಿನ ಸಂಜೆ ನಾನು ಎರಡೂ ಮನೆಗೆ ಹೋದೆ. ಇಂಥದ್ದು ಆದರೆ ನೀವೂ ಹೋಗಿ. ಫೋನಿನಲ್ಲಿ ಮುಗಿಸಬೇಡಿ.

ನೋಡಿದ್ದು, ಕೇಳಿದ್ದು, ಬರೆದಿಟ್ಟದ್ದು

ಅನಂತಪುರದ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾನನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅದು 2022ರ ಅಕ್ಟೋಬರಿನಲ್ಲಿ ಸತ್ತಾಗ ಊರಿಗೆ ಊರೇ ಹೋಗಿ ನೋಡಿತ್ತು. ಆ ವಾರ ಮಕ್ಕಳಿಗೆ ಬೇರೆ ಪಾಠ ತಲೆಗೆ ಹೋಗುವಂತಿರಲಿಲ್ಲ. ಹಾಗಾಗಿ ಅದನ್ನೇ ಪಾಠ ಮಾಡಿದೆ.

ಬೋರ್ಡಿನಲ್ಲಿ ಮೂರು ಮನೆ ಹಾಕಿದೆ. ನೋಡಿದ್ದು, ಕೇಳಿದ್ದು, ಬರೆದಿಟ್ಟದ್ದು. ಪ್ರತಿಯೊಬ್ಬರೂ ಒಂದು ಮಾತು ಹೇಳಬೇಕು. ಅದು ಯಾವ ಮನೆಗೆ ಹೋಗುತ್ತದೆ ಎಂದು ಅವರೇ ತೀರ್ಮಾನಿಸಬೇಕು. "ಮೊಸಳೆ ದೇವಸ್ಥಾನದ ಅನ್ನ ತಿನ್ನುತ್ತಿತ್ತು." ನೀನು ನೋಡಿದ್ದೀಯಾ? "ಹೌದು, ಅಪ್ಪನ ಒಟ್ಟಿಗೆ ಹೋದಾಗ." ನೋಡಿದ್ದು. "ಮೊದಲಿದ್ದ ಮೊಸಳೆಗೆ ಬ್ರಿಟಿಷ್ ಸೈನಿಕ ಗುಂಡು ಹೊಡೆದ, ಅವನು ಹಾವು ಕಚ್ಚಿ ಸತ್ತ." ನೋಡಿದ್ದೀಯಾ? "ಇಲ್ಲ, ಅಜ್ಜಿ ಹೇಳಿದ್ದು." ಅಜ್ಜಿ ನೋಡಿದ್ದಾರಾ? "ಕೇಳಿ ಬರುತ್ತೇನೆ." ಅಜ್ಜಿಗೂ ಬೇರೆ ಯಾರೋ ಹೇಳಿದ್ದಂತೆ. ಕೇಳಿದ್ದು. ಸತ್ತ ದಿನದ ಪೇಪರ್ ಕಟಿಂಗನ್ನು ಒಬ್ಬ ತಂದ. ಬರೆದಿಟ್ಟದ್ದು.

ಇಲ್ಲಿ ಯಾವ ನಂಬಿಕೆಯನ್ನೂ ಸುಳ್ಳು ಎನ್ನಬೇಕಾಗಿಲ್ಲ. ಎನ್ನಲೂ ಬಾರದು. ಮಗು ಮನೆಗೆ ಹೋಗಿ "ಟೀಚರ್ ಸುಳ್ಳು ಅಂದರು" ಎಂದು ಹೇಳಿದರೆ ಆಮೇಲೆ ಆ ಮನೆಯಿಂದ ಒಂದು ಮಾತೂ ಶಾಲೆಗೆ ಬರುವುದಿಲ್ಲ. ಕೇಳಿದ್ದು ಎಂಬ ಮನೆಯೂ ಮರ್ಯಾದೆಯ ಮನೆಯೇ. ಆದರೆ ಅದು ನೋಡಿದ್ದು ಎಂಬ ಮನೆ ಅಲ್ಲ. ಎಂಟು ವರ್ಷದ ಮಗು ಈ ವ್ಯತ್ಯಾಸವನ್ನು ಚೆನ್ನಾಗಿ ತಿಳಿಯುತ್ತದೆ. ವಾಟ್ಸಾಪಿನಲ್ಲಿ ಬಂದದ್ದನ್ನು ಅಣ್ಣ ಓದಿ ಹೇಳಿದರೆ, "ಅದು ಕೇಳಿದ್ದು, ಅಲ್ವಾ?" ಎಂದು ಒಬ್ಬಳು ಮನೆಯಲ್ಲಿ ಕೇಳಿದಳಂತೆ. ಅವಳ ಅಮ್ಮನೇ ನನಗೆ ಹೇಳಿದರು.

ಕೋಟೆಗಿಂತ ಮೊದಲು ಸುರಂಗ

ಪ್ರವಾಸ ಅಂದರೆ ಎಲ್ಲರೂ ಬೇಕಲಕ್ಕೆ ಬಸ್ಸು ಬುಕ್ ಮಾಡುತ್ತಾರೆ. ನಾನು ಮೊದಲು ಮಕ್ಕಳನ್ನು ಹತ್ತಿರದ ಒಂದು ತೋಟಕ್ಕೆ ನಡೆಸಿಕೊಂಡು ಹೋಗುತ್ತೇನೆ. ಅಲ್ಲಿ ಗುಡ್ಡದ ಬದಿಯಲ್ಲಿ ಒಂದು ಸುರಂಗ ಇದೆ. ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆ ಕಲ್ಲನ್ನು, ಅಡ್ಡಕ್ಕೆ ಕೊರೆದು ನೀರು ತಂದದ್ದು. ಒಬ್ಬ ಮನುಷ್ಯ ಹೋಗುವಷ್ಟು ಅಗಲ. ಒಳಗೆ ಕತ್ತಲೆ, ತಂಪು. ಬೇಸಿಗೆಯಲ್ಲೂ ನೀರು ಸಣ್ಣಗೆ ಹರಿದು ಬರುತ್ತದೆ. ಮಕ್ಕಳನ್ನು ಒಳಗೆ ಬಿಡಲೇಬಾರದು. ಬಾಯಿಯ ಹತ್ತಿರ ನಿಂತು ಟಾರ್ಚು ಹಾಕಿ ತೋರಿಸಿ.

ಗೋಡೆಯಲ್ಲಿ ಪಿಕ್ಕಾಸಿನ ಗುರುತು ಇನ್ನೂ ಉಂಟು. ಓರೆ ಓರೆ ಗೆರೆಗಳು. ಆ ಗೆರೆಯ ಮೇಲೆ ಬೆರಳು ಇಡಲು ಹೇಳಿ. ತೋಡಿದವರು ಮೊಂಬತ್ತಿ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಬತ್ತಿ ನಂದಿದರೆ ಗಾಳಿ ಸಾಲದು ಎಂದು ಹೊರಗೆ ಬರುತ್ತಿದ್ದರು. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಿದ್ದರು. ಇದನ್ನು ತೋಡಿದ್ದು ಯಾವ ರಾಜ ಎಂದು ಒಬ್ಬ ಕೇಳಿದ. ರಾಜ ಅಲ್ಲ. ಕೂಲಿಗೆ ಬಂದ ಕೆಲಸದವರು. ಎಲ್ಲೂ ಅವರ ಹೆಸರು ಬರೆದಿಟ್ಟಿಲ್ಲ. "ಮತ್ತೆ ಹೇಗೆ ಗೊತ್ತು?" ಗೆರೆ ಉಂಟಲ್ಲ. ಆಗ ಒಂದು ಮಗು, "ನನ್ನ ಅಜ್ಜನೂ ಸುರಂಗ ತೋಡುತ್ತಿದ್ದರು" ಅಂದಿತು. ಅಷ್ಟು ದಿನ ಕ್ಲಾಸಿನಲ್ಲಿ ಬಾಯಿಬಿಡದ ಮಗು ಅದು. ಮುಂದಿನ ವಾರ ಆ ಅಜ್ಜ ಶಾಲೆಗೆ ಬಂದು ಒಂದು ಗಂಟೆ ಮಾತಾಡಿದರು. ಮಕ್ಕಳು ಅವರ ಅಂಗೈ ಮುಟ್ಟಿ ನೋಡಿದರು.

ಇದಾದ ಮೇಲೆ ಬೇಕಲಕ್ಕೆ ಹೋಗಿ. ಕೋಟೆ ಸುಮಾರು 40 ಎಕರೆ ಇದೆ. ಎಲ್ಲ ತೋರಿಸಲು ಹೋದರೆ ಮಕ್ಕಳಿಗೆ ನೆನಪಿರುವುದು ಐಸ್‌ಕ್ರೀಮ್ ಮಾತ್ರ. ನಾನು ಮೂರು ಜಾಗ ಆರಿಸಿಕೊಳ್ಳುತ್ತೇನೆ. ಮೆಟ್ಟಿಲಿನ ಕೆರೆ, ಕೋವಿಮದ್ದಿನ ಮನೆ, ಹೊರಗೋಡೆಯ ತೂತುಗಳು. ತೂತುಗಳ ಹತ್ತಿರ ಜಾಸ್ತಿ ಹೊತ್ತು ಕಳೆಯಿರಿ. ಅವು ಮೂರು ಎತ್ತರದಲ್ಲಿವೆ. ಮಕ್ಕಳು ಒಂದೊಂದರಿಂದಲೂ ನೋಡಲಿ, ಕಂಡದ್ದನ್ನು ಚಿತ್ರ ಬಿಡಿಸಲಿ. ಮೇಲಿನದರಿಂದ ದೂರದ ಕಡಲು. ನಡುವಿನದರಿಂದ ಅದಕ್ಕಿಂತ ಹತ್ತಿರ. ಕೆಳಗಿನದರಿಂದ ಗೋಡೆಯ ಬುಡ. "ಯಾಕೆ ಹೀಗೆ?" ಎಂದು ಕೇಳಿ ಸುಮ್ನೆ ನಿಲ್ಲಿ. ವೈರಿ ದೂರ ಇರುವಾಗ ಮೇಲಿನದು, ಹತ್ತಿರ ಬಂದಾಗ ಕೆಳಗಿನದು ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಶಿವಪ್ಪನಾಯಕ ಶಿವಮೊಗ್ಗೆಯ ಕಡೆಯಿಂದ ಇಷ್ಟು ದೂರ ಬಂದು ಕೋಟೆ ಯಾಕೆ ಕಟ್ಟಿಸಿದ ಎಂಬುದಕ್ಕೆ ಆ ತೂತಿನಿಂದ ಕಾಣುವ ಕಡಲನ್ನೇ ತೋರಿಸಿ. ಘಟ್ಟದ ಮೆಣಸು, ಬಯಲಿನ ಅಕ್ಕಿ ಹಡಗು ಹತ್ತುತ್ತಿದ್ದದ್ದು ಈ ಕರಾವಳಿಯಲ್ಲಿ. ಕೋಟೆಯ ಕಲ್ಲೂ ಸುರಂಗದ ಕಲ್ಲೂ ಒಂದೇ, ಮುರಕಲ್ಲು. "ಇದನ್ನು ಕಡಿದದ್ದು ಯಾರು, ಟೀಚರೇ? ಶಿವಪ್ಪನಾಯಕನಾ?" ಎಂದು ಈಗ ಮಕ್ಕಳೇ ಕೇಳುತ್ತಾರೆ. ಸುರಂಗಕ್ಕೆ ಮೊದಲು ಕರೆದುಕೊಂಡು ಹೋಗುವುದು ಇದಕ್ಕೇ.

ಒಂದೇ ಮನೆ, ಮೂರು ಜಿಲ್ಲೆ

"ನಾವು ಕೇರಳದವರಾ, ಕರ್ನಾಟಕದವರಾ?" ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಸಣ್ಣ ಮಕ್ಕಳಿಗೆ ಇದೆಲ್ಲ ಬೇಡ ಎಂದು ದಾಟಿಸುವವರಿದ್ದಾರೆ. ಮಗು ಕೇಳಿದೆ ಅಂದರೆ ಅದಕ್ಕೆ ಬೇಕು.

ಒಂದು ಮನೆಯಿಂದ ಮೂರು ತಲೆಮಾರಿನ ಕಾಗದ ತರಿಸಿ. ಅಜ್ಜನ ಹಳೆಯ ಶಾಲಾ ಸರ್ಟಿಫಿಕೇಟು, ಅಮ್ಮನ ಎಸ್ಸೆಸ್ಸೆಲ್ಸಿ ಪುಸ್ತಕ, ಮಗುವಿನ ಜನನ ಪ್ರಮಾಣಪತ್ರ. ಜೆರಾಕ್ಸ್ ಸಾಕು. ನಾನು ಮಾಡಿದಾಗ ಅಜ್ಜನದ್ದರಲ್ಲಿ ದಕ್ಷಿಣ ಕನ್ನಡ ಎಂದಿತ್ತು. ಅಮ್ಮನದ್ದರಲ್ಲಿ ಹುಟ್ಟಿದ ಜಿಲ್ಲೆ ಕಣ್ಣೂರು. ಮಗುವಿನದ್ದರಲ್ಲಿ ಕಾಸರಗೋಡು. ಮೂವರೂ ಹುಟ್ಟಿದ್ದು ಒಂದೇ ಮನೆಯಲ್ಲಿ. "ನಿಮ್ಮ ಮನೆಯವರು ಎಷ್ಟು ಸಲ ಮನೆ ಬದಲಾಯಿಸಿದ್ದು?" ಎಂದು ಪಕ್ಕದವನು ಕೇಳಿದ. "ಇಲ್ಲವಲ್ಲ! ಅದೇ ಮನೆ, ಅದೇ ಬಾವಿ" ಎಂದು ಅವಳು ಹೇಳಿದಳು.

ಈಗ ಮೂರು ಕಾಗದ ಬೇಕು. ಕೆಳಗಿನ ಬಿಳಿ ಹಾಳೆಯಲ್ಲಿ ಕಡಲು, ಚಂದ್ರಗಿರಿ ಹೊಳೆ, ನಮ್ಮ ಶಾಲೆ. ಒಂದು ಟ್ರೇಸಿಂಗ್ ಪೇಪರಿನಲ್ಲಿ 1956ರ ಮೊದಲಿನ ಗಡಿ: ಮದ್ರಾಸ್ ರಾಜ್ಯ, ಅದರೊಳಗೆ ದಕ್ಷಿಣ ಕನ್ನಡ, ಅದರ ತೆಂಕು ತುದಿಯಲ್ಲಿ ಕಾಸರಗೋಡು ತಾಲೂಕು. ಇನ್ನೊಂದರಲ್ಲಿ ಆಮೇಲಿನ ಗಡಿ. ಒಂದೊಂದನ್ನೇ ಬಿಳಿ ಹಾಳೆಯ ಮೇಲೆ ಇಟ್ಟು ತೆಗೆಯಲು ಹೇಳಿ. ಹೊಳೆ ಅಲ್ಲೇ ಇರುತ್ತದೆ, ಶಾಲೆಯೂ ಅಲ್ಲೇ. ಗೆರೆ ಮಾತ್ರ ಸರಿಯುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮಂಗಳೂರಿನ ಕಡೆ ಮೈಸೂರು ರಾಜ್ಯಕ್ಕೆ ಹೋಯಿತು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರ ಮೇ 24ರಂದು.

ಇಲ್ಲಿನ ಕನ್ನಡಿಗರು ಇದನ್ನು ಒಪ್ಪದೆ ಹೋರಾಡಿದ್ದನ್ನೂ ಹೇಳಬೇಕು. ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಬದಿಯಡ್ಕದವರು, ನಮ್ಮ ಹಾಗೆ ಶಾಲೆಯ ಮಾಷ್ಟ್ರು. ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ನೋವನ್ನು ಬಿಡಲಿಲ್ಲ. ಚಂದ್ರಗಿರಿಯ ಬಡಗು ಭಾಗ ಮೈಸೂರಿಗೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಆದರೆ ಅದು ಜಾರಿಗೆ ಬರಲಿಲ್ಲ. ಇಷ್ಟನ್ನು ನೇರವಾಗಿ ಹೇಳಿ. ನನ್ನ ಮನಸ್ಸು ಯಾವ ಕಡೆ ಎಂದು ಮಕ್ಕಳಿಗೆ ಗೊತ್ತಾಗುತ್ತದೆ, ನಾನು ಅಡಗಿಸುವುದೂ ಇಲ್ಲ. ಆದರೆ ಅದೇ ಬೆಂಚಿನಲ್ಲಿ ಮನೆಯಲ್ಲಿ ಮಲಯಾಳ ಮಾತಾಡುವ ಮಗುವೂ ಕೂತಿರುತ್ತದೆ. ಅದರ ಅಜ್ಜ ಹುಟ್ಟಿದ್ದೂ ಇದೇ ಊರಿನಲ್ಲಿ. ಅದು ತಂದ ಕಾಗದವನ್ನೂ ಅದೇ ಗೋಡೆಗೆ ಅಂಟಿಸಬೇಕು.

ವರ್ಷದ ಕೊನೆಯಲ್ಲಿ

ನಾನು ಈ ಪಾಠಗಳಿಗೆ ಲಿಖಿತ ಪರೀಕ್ಷೆ ಇಡುವುದಿಲ್ಲ. ಮಾರ್ಚಿನಲ್ಲಿ ಹಗ್ಗದ ಎಲ್ಲ ಕ್ಲಿಪ್ಪು ತೆಗೆದು ಚೀಟಿಗಳನ್ನು ಕಲಸಿ ಮೇಜಿನ ಮೇಲೆ ಹಾಕುತ್ತೇನೆ. ಒಬ್ಬೊಬ್ಬರು ಬಂದು ಒಂದು ಚೀಟಿ ಎತ್ತಿ, ಸರಿಯಾದ ಜಾಗಕ್ಕೆ ಹಾಕಿ, "ಹೇಗೆ ಗೊತ್ತು" ಎಂದು ಹೇಳಬೇಕು. ಇಸವಿ ಐದಾರು ಸೆಂಟಿಮೀಟರ್ ಆಚೀಚೆ ಆದರೆ ಪರವಾಗಿಲ್ಲ. ಹಿಂದುಮುಂದು ಆಗಬಾರದು.

ರಜೆಗೆ ಮೊದಲು ಹಗ್ಗ ಸುತ್ತಿ ಅಡಿಗೆಕೋಣೆಯ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ. ಕ್ಲಾಸಿನ ಕಪಾಟಿನಲ್ಲಿಟ್ಟರೆ ಜೂನಿನ ಮಳೆಗೆ ಬೂಜು ಹಿಡಿಯುತ್ತದೆ. ಹೊಸ ವರ್ಷದಲ್ಲಿ "ಇವತ್ತು" ಎಂಬ ತುದಿಗೆ ಒಂದು ಸೆಂಟಿಮೀಟರ್ ಸೇರಿಸಬೇಕು. ಅದಕ್ಕಾಗಿ ಕಟ್ಟುವಾಗಲೇ ಆ ತುದಿಯಲ್ಲಿ ಒಂದು ಗೇಣು ಹೆಚ್ಚು ಬಿಟ್ಟಿರಿ.